ಚಿತೆಗೆ ಮುಂಗಡ ಕೊಟ್ಟವರು

ರುದ್ರಭೂಮಿಯ ಕೆಲಸಕ್ಕೆ ಸೇರುವವರಿಗೆ ಕೆಲಸ ಕಲಿಸುವವರು ಯಾರೂ ಇರುವುದಿಲ್ಲ. ಗೇಟಿನ ಕೀಲಿಕೈ ಕೊಡುತ್ತಾರೆ, ಕಟ್ಟಿಗೆ ಕೊಟ್ಟಿಗೆ ಎಲ್ಲಿ, ನೀರಿನ ಪಂಪು ಎಲ್ಲಿ ಎಂದು ತೋರಿಸುತ್ತಾರೆ, ಮತ್ತೆ ಸ್ಕೂಟರು ಹತ್ತಿ ಹೋಗಿಬಿಡುತ್ತಾರೆ. ನನಗೂ ಹಾಗೇ ಆಯಿತು. ಈಗ ನಿವೃತ್ತನಾಗಿ ಮನೆಯ ಜಗಲಿಯಲ್ಲಿ ಕೂತಿದ್ದೇನೆ. ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ, ಬೇರೆ ಊರುಗಳಲ್ಲೂ ಸಮಿತಿಗಳು ಸಂಬಳ ಕೊಟ್ಟು ಜನ ಇಡುತ್ತಿವೆ. ಅವರಿಗೆ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ. ಚಿತೆ ಕಟ್ಟುವುದು ಹೇಗೆ ಎಂದು ಬರೆಯುವುದಿಲ್ಲ, ಅದು ನಾಲ್ಕು ಸಲ ಮಾಡಿದರೆ ಕೈಗೇ ಬರುತ್ತದೆ. ಬದುಕಿರುವವರೇ ಗೇಟಿನ ಒಳಗೆ ಬಂದು ತಮ್ಮ ಚಿತೆಗೆ ತಾವೇ ಮುಂಗಡ ಕೊಡಲು ನಿಂತಾಗ ಎದುರಿಗಿರುವವನು ಏನು ಮಾಡಬೇಕು, ಅದು ಕೈಗೆ ಬರಲು ನನಗೆ ಇಡೀ ನೌಕರಿಯೇ ಬೇಕಾಯಿತು.

ನಮ್ಮ ರುದ್ರಭೂಮಿ ಗುಲ್ವಾಡಿಯ ಹೊಳೆಯ ಕಡೆಯವರಿಗೂ ತ್ರಾಸಿಯ ಕಡಲ ಕಡೆಯವರಿಗೂ ನಡುವೆ ಬೀಳುತ್ತದೆ. ನಾನು ಮೊದಲು ಬ್ರಹ್ಮಾವರದ ಹತ್ತಿರ ಒಂದು ಸಾಮಿಲ್ಲಿನಲ್ಲಿದ್ದೆ. ಮರ ಗೊತ್ತಿದ್ದವನು ಎಂದು ಸಮಿತಿಯ ಅಧ್ಯಕ್ಷರು, ಹೆಗ್ಡೆಯವರು, ನನ್ನನ್ನು ಕರೆದು ತಂದರು. ಆಗೆಲ್ಲ ಗದ್ದೆ ತೋಟ ಇದ್ದವರು ಯಾರೂ ನಮ್ಮಲ್ಲಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಸಾವಾಯಿತೆಂದರೆ ಅವರದೇ ಹಿತ್ತಲಿನ ಮಾವಿನ ಮರಕ್ಕೆ ಕೊಡಲಿ ಬೀಳುತ್ತಿತ್ತು, ಅವರದೇ ಗದ್ದೆಯ ಬದಿಯಲ್ಲಿ ಬೆಂಕಿ ಏಳುತ್ತಿತ್ತು. ಆಮೇಲೆ ಜಾಗ ಪಾಲಾಯಿತು, ಪಾಲಾದ ಜಾಗ ಸೈಟಾಯಿತು, ಮಾವಿನ ಮರ ಇದ್ದಲ್ಲಿ ಪಕ್ಕದ ಮನೆಯ ಕಾರು ನಿಂತಿತು. ಕಿಟಕಿಯ ಹತ್ತಿರ ಹೆಣ ಸುಡಲು ಯಾರು ಬಿಡುತ್ತಾರೆ? ಎಲ್ಲರೂ ನಮ್ಮಲ್ಲಿಗೇ ಬರತೊಡಗಿದರು. ಚಿತೆ ಕಟ್ಟಲು ಕಬ್ಬಿಣದ ತೊಟ್ಟಿಲು ಬಂತು, ಅದರಿಂದ ಕಟ್ಟಿಗೆ ಅರ್ಧಕ್ಕೆ ಇಳಿಯಿತು. ಕಟ್ಟಿಗೆಯ ನಡುವೆ ತೆಂಗಿನಕಾಯಿಯ ಗೆರಟೆ ಹಾಕಲು ಕಲಿತೆವು. ಬ್ರಹ್ಮಾವರದಿಂದ ಬಾಡಿಗೆಗೆ ಶೀತಪೆಟ್ಟಿಗೆ ಬರಲು ಶುರುವಾದ ಮೇಲಂತೂ ಮುಂಬಯಿಯಲ್ಲಿರುವ ಮಕ್ಕಳು ಬಂದು ಇಳಿಯುವವರೆಗೆ ಹೆಣ ಕಾಯುವುದೇ ಊರಿನ ಕ್ರಮವಾಯಿತು.

ಮೊದಲ ಮುಂಗಡ ತಂದವರು ಮಹಾಬಲ ಶೆಟ್ಟರು. ಮುಂಬಯಿಯಲ್ಲಿ ಕ್ಯಾಂಟೀನು ನಡೆಸಿ, ವಯಸ್ಸಾದ ಮೇಲೆ ಅದನ್ನು ಮಾರಿ ಊರಿಗೆ ಬಂದವರು. ಒಂದು ಬೆಳಿಗ್ಗೆ ಮದುವೆ ಹಾಲು ನೋಡಲು ಬಂದವರ ಹಾಗೆ ಒಳಗೆ ಬಂದು ಸುತ್ತ ಕಣ್ಣಾಡಿಸಿದರು. ಬಂದವರಿಗೆ ನೆರಳು ಎಲ್ಲಿ, ಚಾ ಎಲ್ಲಿಂದ ತರಿಸುತ್ತೀರಿ, ಕಾರು ತಿರುಗಿಸಲು ಜಾಗ ಇದೆಯಾ ಎಂದೆಲ್ಲ ವಿಚಾರಿಸಿದರು. ಯಾರು ತೀರಿಹೋದದ್ದು ಎಂದು ನಾನು ಮೆಲ್ಲಗೆ ಕೇಳಿದೆ.

"ಯಾರೂ ಇಲ್ಲೆ ಮರಾಯ್ರೆ, ನಾನೇ. ಇನ್ನೂ ಟೈಮ್ ಇತ್ತ್. ನಮ್ಮ್ ಕ್ಯಾಂಟೀನಂಗೆ ಮೊದ್ಲ್ ಕೂಪನ್, ಆಮೇಲೆ ಊಟ. ಉಂಡ್ ಎದ್ದ್ ಹೋದವನ ಹಿಂದೆ ದುಡ್ಡಿಗೆ ಓಡುಕಾಗ."

ನಾನು ಹೆಗ್ಡೆಯವರಿಗೆ ಫೋನು ಮಾಡಿದೆ. ಅವರು ಬೆಚ್ಚಿಬಿದ್ದರು. ಜೀವ ಇರುವ ಮನುಷ್ಯನ ಕೈಯಿಂದ ಅವನದೇ ಕಟ್ಟಿಗೆಯ ಹಣ ತೆಗೆದುಕೊಂಡು ತಾನು ಮನೆಗೆ ಹೋಗಿ ಊಟ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಕೊನೆಗೆ ಭಟ್ಟರನ್ನು ಕೇಳಿದ್ದಾಯಿತು. ಬದುಕಿದ್ದಾಗಲೇ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುವ ಕ್ರಮವೇ ಇದೆ, ಬರೀ ಕಟ್ಟಿಗೆಗೆ ಎಂತ ದೋಷ ಎಂದು ಭಟ್ಟರು ನಕ್ಕರು. ಹೆಗ್ಡೆಯವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಮುಂಗಡ ಕೊಡಲು ಬಂದವರಿಗೆ ನಾವು ಮೊದಲು ಚಾ ಕೊಡಬೇಕು, ಚಾ ಕುಡಿಯದೆ ಯಾರೂ ಹಣ ಎಣಿಸಬಾರದು. ಈ ಕೆಲಸಕ್ಕೆ ಸೇರಿದವರು ಆ ಷರತ್ತನ್ನು ಬಿಡಬೇಡಿ. ಚಾ ಆರುವಷ್ಟರಲ್ಲಿ ಜನ ನಿಜ ಹೇಳುತ್ತಾರೆ.

ಹಣ ಬಂದ ಮೇಲೆ ನಾವೆಲ್ಲ ಸೇರಿ ಮಾಡಿದ ಕೆಲಸ ಕೇಳಿ. ಮುಂಗಡ ಕೊಟ್ಟವರ ಸಾಮಾನನ್ನು ಎತ್ತಿಡುವುದು ನ್ಯಾಯ ಎಂದು ಒಳ್ಳೆಯ ಮಾವಿನ ಕಟ್ಟಿಗೆ ಆರಿಸಿ, ಕೊಟ್ಟಿಗೆಯ ಒಂದು ಮೂಲೆಯಲ್ಲಿ ಅಟ್ಟಿ ಹಾಕಿ, ಮೇಲೆ ಸೀಮೆಸುಣ್ಣದಲ್ಲಿ ಶೆಟ್ಟರ ಹೆಸರು ಬರೆದೆವು. ಶೆಟ್ಟರೋ ಗಟ್ಟಿಮುಟ್ಟು ಮನುಷ್ಯ. ಮಳೆಗಾಲದ ಮೇಲೆ ಮಳೆಗಾಲ ಕಳೆಯಿತು, ಕಟ್ಟಿಗೆಗೆ ಗೆದ್ದಲು ಹಿಡಿಯಿತು. ಹಾಳಾಗುವ ಬದಲು ಎಂದು ಅದನ್ನು ಯಾರಿಗೋ ಹಾಕಿದೆವು. ಶೆಟ್ಟರು ಪೇಟೆಗೆ ಹೋಗುವಾಗಲೆಲ್ಲ ಒಳಗೆ ಬಂದು ತಮ್ಮ ಅಟ್ಟಿ ನೋಡಿಕೊಂಡು ಹೋಗುವವರು. ಆ ದಿನ ಮೂಲೆ ಖಾಲಿ.

"ಹ್ವಾಯ್, ನನ್ನ್ ಕಟ್ಗಿಯಂಗೆ ಯಾರನ್ನ್ ಸುಟ್ರಿ?"

ಹೆಗ್ಡೆಯವರೇ ಎದುರಿಗಿದ್ದರು. ಅವರು ಗೆದ್ದಲಿನ ಕತೆ ಹೇಳತೊಡಗಿದರು. ಶೆಟ್ಟರೇ ಅವರ ಬೆನ್ನು ತಟ್ಟಿ, ಅಂವ ಹೋದವನಾದರೂ ಒಳ್ಳೆ ಜನವಾ ಎಂದು ಕೇಳಿ ನಗುತ್ತ ಹೋದರು. ಅಂದಿನಿಂದ ನಾವು ಯಾರ ಕಟ್ಟಿಗೆಯನ್ನೂ ಎತ್ತಿಡಲಿಲ್ಲ. ಯಾರ ದಿನ ಬರುತ್ತದೋ ಆ ದಿನದ ಒಣ ಕಟ್ಟಿಗೆ ಅವರದು.

ಸುದ್ದಿ ಹರಡಿತು, ಜನ ಬರತೊಡಗಿದರು. ಸಾಯುವವರಿಗಿಂತ ಮುಂಗಡ ಕೊಡುವವರೇ ಹೆಚ್ಚಾದರು ಎಂದು ಹೆಗ್ಡೆಯವರು ತಮಾಷೆ ಮಾಡುತ್ತಿದ್ದರು. ಯಡ್ತರೆಯಿಂದ ಬಂದ ಒಬ್ಬ ಮೇಷ್ಟ್ರಿಗೆ ಒಂದೇ ಆಸೆ, ಚಿತೆಯ ಎದುರು ಯಾರೂ ಭಾಷಣ ಮಾಡಬಾರದು. ಚಿಕ್ಕ ಪ್ರಾಯದಲ್ಲೇ ಗಂಡ ಸತ್ತ ಒಬ್ಬ ಅಮ್ಮ ಹೂವಿಗೆ ಮಾತ್ರ ಹಣ ಕೊಟ್ಟರು. ಕಟ್ಟಿಗೆ ಮಕ್ಕಳು ಕೊಡುತ್ತಾರಂತೆ, ಮುಡಿಗೆ ಮಲ್ಲಿಗೆ ಮಾತ್ರ ಯಾರೂ ಇಡಲಿಕ್ಕಿಲ್ಲವಂತೆ. ಆಗ ನನಗೆ ತಿಳಿಯಿತು, ಇವರು ಹಣ ಕೊಡುವುದು ಬೆಂಕಿಗಲ್ಲ. ತಮ್ಮ ಮಾತು ತಮ್ಮ ಬಾಯಿ ಮುಚ್ಚಿದ ಮೇಲೂ ನಡೆಯಬೇಕು, ಅದಕ್ಕೆ.

ಹಾಗೆ ಬಂದವಳೇ ಮುತ್ತಕ್ಕ.

ತ್ರಾಸಿಯ ಕಡೆಯ ಮೊಗವೀರ ಹೆಂಗಸು, ಮೀನು ಮಾರುವವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ತಂಗಿ ಹೆರಿಗೆಯಲ್ಲಿ ಹೋದಾಗ ಅವಳ ಮಗ ರಾಜುವನ್ನು ತಂದು ಸಾಕಿದ್ದಳು. ಅವನು ಈಗ ಗಂಗೊಳ್ಳಿ ಬಂದರಿನ ಒಂದು ದೊಡ್ಡ ಬೋಟಿನಲ್ಲಿ ಕೆಲಸಕ್ಕಿದ್ದ. ಆ ಬೋಟುಗಳು ಒಮ್ಮೆ ಹೊರಟರೆ ವಾರಗಟ್ಟಲೆ ಕಡಲಲ್ಲೇ. ಫೋನು ಹಿಡಿಯುವುದಿಲ್ಲ, ವಯರ್‌ಲೆಸ್ ಒಂದೇ.

ಚಾ ಕೊಟ್ಟೆ. ಶೀತಪೆಟ್ಟಿಗೆ ಬೇಡ ಎಂದು ಶುರು ಮಾಡಿದಳು. "ಜನ್ಮ ಇಡೀ ಮೀನಿಗೆ ಐಸ್ ಹಾಕ್ದವ್ಳ್ ನಾನ್. ಐಸಂಗಿದ್ದ ಮೀನಿನ ಕಣ್ಣ್ ಹ್ಯಾಂಗ್ ಆತ್ತ್ ಅಂದ್ ನಂಗ್ ಗೊತ್ತಿತ್ತ್. ಹೋದ ದಿನವೇ ಸುಟ್ಟ್ ಬಿಡಿ."

ರಾಜು ಕಡಲಲ್ಲಿದ್ದರೆ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಚಾ ಊದುತ್ತ ಕೂತಳು. ಆಮೇಲೆ ನಿಜ ಬಂತು. ಬಹಳ ಹಿಂದೆ ಅವಳ ಅತ್ತೆ ತೀರಿಹೋದಾಗ ಗಂಡ ಬೋಟಿನಲ್ಲಿದ್ದನಂತೆ. ವಯರ್‌ಲೆಸ್ಸಿನಲ್ಲಿ ಹೇಳಿ ಬೋಟು ತಿರುಗಿಸಿ ಕರೆಸಿದರಂತೆ. ಅದೇ ವಾರ ಉಳಿದ ಬೋಟುಗಳಿಗೆಲ್ಲ ಮೀನೋ ಮೀನು. ಇವರ ಬೋಟಿನವರಿಗೆ ಡೀಸೆಲ್ಲಿನ ದುಡ್ಡೂ ಹುಟ್ಟಲಿಲ್ಲ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಕೂತವರು ಎಲೆಯ ಎದುರೇ, ಮುದುಕಿ ಹೋಗುವಾಗ ನಮ್ಮ ಪಾಲನ್ನೂ ಕೊಂಡುಹೋದಳು ಎಂದು ಆಡಿಕೊಂಡರಂತೆ. ಗಂಡ ಆ ಮಾತನ್ನು ಸಾಯುವವರೆಗೂ ಮರೆಯಲಿಲ್ಲ.

"ನಂಗಾಯಿ ಬೋಟ್ ತಿರ್ಗ್ಸುಕಾಗ. ಅದೊಂದ್ ನೀವ್ ನಡ್ಸಿ ಕೊಡಿ," ಎಂದಳು.

ಬೆಂಕಿ ಯಾರು ಕೊಡುವುದು ಎಂದೆ. ನೀವು ಎಂದಳು. ನನಗೂ ಅವಳಿಗೂ ಜಾತಿ ಬೇರೆ, ಸಂಬಂಧ ಇಲ್ಲ. ನಾನು ಕೊಳ್ಳಿ ಇಟ್ಟದ್ದು ನನ್ನ ಅಪ್ಪನಿಗೆ ಒಬ್ಬರಿಗೇ. ನಿಮ್ಮಲ್ಲೇ ಅಣ್ಣತಮ್ಮಂದಿರ ಮಕ್ಕಳಿದ್ದಾರಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಸಂಬಂಧದವ್ರ್ ಇಟ್ರೆ ರಾಜು ಜನ್ಮ ಇಡೀ ಅವ್ರ್ ಮುಂದೆ ತಲಿ ಬಗ್ಸ್ಕ್. ನೀವಾರೆ ದುಡ್ಡ್ ತಕಂಡ್ ಮಾಡ್ತ್ರಿ. ಅಲ್ಲಿಗೆ ಮುಗೀತ್."

ಮೂರನೇ ದಿನ ಬೂದಿಯನ್ನೂ ನಾನೇ ಕಡಲಿಗೆ ಬಿಟ್ಟುಬಿಡಬೇಕು, ರಾಜು ಬರುವಾಗ ಒಂದು ಕೆಲಸವೂ ಬಾಕಿ ಇರಬಾರದು, ಎಂದು ಸೇರಿಸಿದಳು. ರಾಜುವಿಗೆ ಇದನ್ನು ಈಗಲೇ ಹೇಳು ಎಂದು ನಾನು ಪರಿಪರಿಯಾಗಿ ಹೇಳಿದೆ. ಹೇಳಿದರೆ ಅವನು ಬೋಟಿಗೆ ಹೋಗುವುದನ್ನೇ ಬಿಡುತ್ತಾನೆ, ಮನೆಯ ಬಾಗಿಲಲ್ಲಿ ಕೂತು ತನ್ನನ್ನು ಕಾಯುತ್ತಾನೆ ಎಂದಳು. ಹೆಗ್ಡೆಯವರ ಕಿವಿಗೆ ಹಾಕಿದೆ. ಅವರು, ಹಣ ತಕೊ, ಆದರೆ ಮಾತು ಕೊಟ್ಟವನು ನೀನು, ಸಮಿತಿಯಲ್ಲ ಎಂದರು. ಮೇಲಿನವರೆಂದರೆ ಹಾಗೆ. ಒಳ್ಳೆಯವರೂ ಹಾಗೆಯೇ.

ಆ ಮೇಲೆ ಅವಳು ಗೇಟಿನ ಎದುರು ಹಾದುಹೋಗುವಾಗ ಬುಟ್ಟಿ ಇಳಿಸಿ ಎರಡು ಮಾತಾಡಿಯೇ ಹೋಗುವಳು. ಆಗ ನನಗೆ ಹಗುರವೆನಿಸುತ್ತಿತ್ತು. ಅವಳು ಬದುಕಿರುವವರೆಗೆ ನಾನು ಕೊಟ್ಟ ಮಾತಿಗೆ ಭಾರ ಇರಲಿಲ್ಲ.

ಒಂದು ವರ್ಷ ಚೌತಿ ಕಳೆದ ಮೇಲೆ, ಬೋಟುಗಳೆಲ್ಲ ಕಡಲಿಗೆ ಇಳಿದ ಹೊಸತರಲ್ಲಿ, ಬೆಳಿಗ್ಗೆ ಮೀನು ತರಲು ಹೊರಟ ಮುತ್ತಕ್ಕ ಅಂಗಳದಲ್ಲೇ ಕುಸಿದು ಕೂತವಳು ಏಳಲಿಲ್ಲ. ರಾಜು ಹೊರಟು ಎರಡು ದಿನವೂ ಆಗಿರಲಿಲ್ಲ.

ನಾನು ಹೋಗುವಾಗ ಅಂಗಳ ತುಂಬ ಜನ. ಮೊಗವೀರರ ಊರಿನಲ್ಲಿ ಗುರಿಕಾರರ ಮಾತೇ ಮಾತು. ವಯಸ್ಸಾದ ಗುರಿಕಾರರು ಬೆಂಚಿನ ಮೇಲೆ ಕೂತು ಬ್ರಹ್ಮಾವರಕ್ಕೆ ಶೀತಪೆಟ್ಟಿಗೆಗೆ ಫೋನು ಮಾಡಿಸುತ್ತಿದ್ದರು. ಬೋಟಿನ ಮಾಲಕನನ್ನು ಹಿಡಿದು ವಯರ್‌ಲೆಸ್ಸಿನಲ್ಲಿ ಹೇಳಿಸಲು ಒಬ್ಬ ಬಂದರಿಗೆ ಹೊರಟು ನಿಂತಿದ್ದ. ನಾನು ಕೈಮುಗಿದು, ಒಂದು ಗಳಿಗೆ ನಿಲ್ಲಿ ಎಂದು, ಎಲ್ಲರ ಎದುರೇ ಮುತ್ತಕ್ಕ ಹೇಳಿದ್ದನ್ನು ಹೇಳಿದೆ. ಐಸು ಬೇಡ, ಬೋಟು ತಿರುಗಿಸಬಾರದು, ಬೆಂಕಿ ನಾನು ಕೊಡಬೇಕು.

ಗುಸುಗುಸು ಎದ್ದಿತು. ದುಡ್ಡು ಕೊಟ್ಟರೆ ಮಗನೂ ಬಾಡಿಗೆಗೆ ಸಿಗುತ್ತಾನಾ ಎಂದು ಹಿಂದಿನಿಂದ ಯಾರೋ ಅಂದರು. ಗುರಿಕಾರರು ಕೈಯೆತ್ತಿ ಸುಮ್ಮನಾಗಿಸಿದರು.

"ಸತ್ತವ್ಳ್ ಮಾತ್ ದೊಡ್ಡದಾ, ಬದ್ಕಿದವನ ಸಂಕ್ಟ ದೊಡ್ಡದಾ? ಅಂವ ನಾಳೆ ಬಂದ್ ನನ್ನ್ ಕೇಂಡ್ರೆ ನಾನ್ ಎಂತ ಹೇಳ್ಕ್?"

ಅವರು ಕೇಳಿದ್ದು ನ್ಯಾಯವೇ. ಅತ್ತೆಯ ಬೊಜ್ಜದ ಊಟದಲ್ಲಿ ಆಡಿದ ಮಾತಿಗೆ ಮುತ್ತಕ್ಕ ಹೆದರಿದ್ದಳು, ಅಷ್ಟೇ ನನಗೆ ಗೊತ್ತು ಎಂದೆ.

ಗುರಿಕಾರರು ನೆಲ ನೋಡಿದರು. ಅತ್ತೆ ತೀರಿದಾಗ ತಿರುಗಿಸಿದ ಆ ಬೋಟಿನಲ್ಲಿ ಅವರೂ ಇದ್ದವರು, ಆ ಪಂಕ್ತಿಯಲ್ಲಿ ಅವರೂ ಕೂತವರು. ಇದು ನನಗೆ ಗೊತ್ತಿರಲಿಲ್ಲ, ಅವರೇ ಆಮೇಲೆ ಹೇಳಿದ್ದು. ಆ ಹೊತ್ತಿಗೆ ಅವರು ಅಂದದ್ದು ಇಷ್ಟೇ: "ಕಟ್ಗಿ ಒಣಗಿದ್ದಿತ್ತಾ?"

ಬಂದರಿಗೆ ಹೊರಟವನನ್ನು ವಾಪಸು ಕರೆದರು. ಬದಲಿಗೆ ಇನ್ನೊಂದು ಮಾತು ಕಳಿಸಿದರು. ವಯರ್‌ಲೆಸ್ಸಿನಲ್ಲಿ ಒಬ್ಬರಿಗೆ ಹೇಳಿದ್ದು ಎಲ್ಲ ಬೋಟುಗಳಿಗೂ ಕೇಳುತ್ತದೆ. ಆದ್ದರಿಂದ ರಾಜುವಿನ ಬೋಟು ದಡ ಮುಟ್ಟುವವರೆಗೆ ಯಾವ ಬೋಟಿನವರೂ, ದಡದವರೂ, ಮುತ್ತಕ್ಕನ ಹೆಸರು ಎತ್ತಬಾರದು. ಬಂದರಿನಲ್ಲಿ ಗುಟ್ಟು ಉಳಿಯುವುದಿಲ್ಲ ಎನ್ನುತ್ತಾರೆ. ಆ ವಾರ ಉಳಿಯಿತು.

ಮಧ್ಯಾಹ್ನದೊಳಗೆ ಚಿತೆ ಆಯಿತು. ಅದನ್ನು ಹೇಗೆ ಮಾಡಿದೆ ಎಂದು ಬರೆಯಲು ನನಗೆ ಇಷ್ಟವಿಲ್ಲ. ಅಷ್ಟು ವರ್ಷ ಬೇರೆಯವರ ಕೈಗೆ ಕೊಳ್ಳಿ ಕೊಟ್ಟು, ಹಿಂದೆ ನೋಡದೆ ನಡೆಯಿರಿ ಎಂದು ಹೇಳಿದವನು ನಾನು. ಆ ದಿನ ನಾನು ಕೊಳ್ಳಿ ಇಡುವಾಗ ಗುರಿಕಾರರು ನನ್ನ ಮೊಣಕೈ ಹಿಡಿದುಕೊಂಡರು. ಮನೆಗೆ ಬಂದರೆ ಹೆಂಡತಿ ಬಾವಿಕಟ್ಟೆಯಲ್ಲಿ ಬಿಸಿನೀರು ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಅಸಮಾಧಾನ ಇತ್ತು. ಆದರೂ ಊಟಕ್ಕೆ ಮೊದಲು ಅವಳೇ ಕೇಳಿದಳು, ಹತ್ತು ದಿನ ನೀವು ಸೂತಕ ಹಿಡಿಯುತ್ತೀರಾ ಎಂದು. ಹಿಡಿಯುತ್ತೇನೆ ಎಂದೆ. ಆಯ್ತು, ಹಾಗಾದರೆ ಇವತ್ತು ಮೀನಿಲ್ಲ ಎಂದಳು.

ಮೂರನೇ ದಿನ ಬೂದಿ ಆರಿಸಿ ಮಡಕೆಗೆ ತುಂಬಿದೆ. ಮುತ್ತಕ್ಕನ ಮಾತಿನ ಪ್ರಕಾರ ಅದನ್ನು ಅಂದೇ ಕಡಲಿಗೆ ಬಿಡಬೇಕಿತ್ತು. ಮಡಕೆ ಹಿಡಿದುಕೊಂಡು ಗೇಟಿನವರೆಗೆ ಹೋದೆ, ಅಲ್ಲೇ ನಿಂತೆ. ಅವಳು ಹೆದರಿದ್ದು ಬೋಟಿನ ಕುರಿತು, ಅದನ್ನು ಕಾಪಾಡಿ ಆಗಿತ್ತು. ಇನ್ನು ಈ ಮಡಕೆಯನ್ನೂ ಮುಗಿಸಿಬಿಟ್ಟರೆ ರಾಜು ಬಂದು ಏನನ್ನು ಮುಟ್ಟುವುದು? ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ನೆಲಕ್ಕೆ ತಾಗದ ಹಾಗೆ ಕೊಟ್ಟಿಗೆಯ ಹಿಂದಿನ ಗೋಳಿಮರದ ಕೊಂಬೆಗೆ ತೂಗುಹಾಕಿದೆ. ಮುಂಗಡ ಕೊಟ್ಟವರ ಮಾತನ್ನು ತಿಳಿದೂ ತಿಳಿದೂ ನಡೆಸದೆ ಬಿಟ್ಟದ್ದು ನಾನು ಅದೊಂದೇ ಸಲ. ಹೆಗ್ಡೆಯವರು ಕಂಡರು, ಬಟ್ಟೆಯ ಗಂಟು ಮುಟ್ಟಿ ನೋಡಿ ಹೋದರು.

ಬೋಟು ಬಂದ ಬೆಳಿಗ್ಗೆ ಗುರಿಕಾರರೂ ನಾನೂ ಬಂದರಿನಲ್ಲಿ ನಿಂತಿದ್ದೆವು. ಮೀನು ಸಾಧಾರಣವೇ ಇತ್ತು. ರಾಜು ಹಗ್ಗ ಎಸೆಯುವಾಗ ಯಾರಿಗೋ ಏನೋ ಹೇಳಿ ನಗುತ್ತಿದ್ದ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅವನ ನಗು ನಿಂತಿತು. ರುದ್ರಭೂಮಿಯವನು ಬಂದರಿಗೆ ಮೀನು ಕೊಳ್ಳಲು ಬಂದಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಗುರಿಕಾರರು ಎಲ್ಲವನ್ನೂ ಹೇಳಿದರು. ಅವನು ಅಳಲಿಲ್ಲ, ಬೈಯಲಿಲ್ಲ. ಹಗ್ಗದ ಉಳಿದ ತುದಿಯನ್ನು ಸುತ್ತಿಟ್ಟು ನನ್ನ ಕಡೆ ತಿರುಗಿದ.

"ಇಡೀ ವಾರ ನಾನ್ ಬೋಟಂಗೆ ನೆಗಾಡ್ಕಂಡ್ ಇದ್ದಿದ್ದೆ. ಉಂಡಿದೆ, ಹಾಡ್ ಹೇಳಿದೆ. ಅವ್ಳ್ ಇಲ್ದೆ ಇಪ್ಪ ಹೊತ್ತಿಗೆ. ಅದ್ನ ಅವ್ಳ್ ಯೋಚ್ನಿ ಮಾಡ್ಲಿಲ್ಯಾ? ನೀವಾರೂ ಮಾಡ್ಲಿಲ್ಯಾ?"

ಮುತ್ತಕ್ಕ ಸರಿಯೇ, ಅವನೂ ಸರಿಯೇ. ತನ್ನ ಸಾವು ಯಾರಿಗೂ ಹೊರೆಯಾಗಬಾರದು ಎಂದು ಬರುವವರು ಕೊನೆಗೆ ಹೊರುವವರ ಪಾಲನ್ನೂ ತಾವೇ ಹೊತ್ತುಕೊಂಡು ಹೋಗಿಬಿಡುತ್ತಾರೆ. ಅದಕ್ಕೇ ಹೊಸಬರಿಗೆ ಹೇಳುವುದು. ಚಾ ಕೊಟ್ಟು ಕೂರಿಸಿದಾಗ ಕಟ್ಟಿಗೆ ಎಷ್ಟು, ಹೂವು ಯಾವುದು ಎಂದು ಕೇಳಿದ ಹಾಗೆಯೇ, ಮನೆಯವರಿಗೆ ಮಾಡಲು ಏನು ಬಿಟ್ಟಿದ್ದೀರಿ ಎಂದೂ ಕೇಳಿ. ಏನೂ ಬಿಟ್ಟಿಲ್ಲ ಎಂದರೆ ಹಣ ತೆಗೆದುಕೊಳ್ಳಬೇಡಿ, ಇನ್ನೊಂದು ಚಾ ಕೊಡಿ. ನಾನು ಆಮೇಲೆ ಹಾಗೇ ಮಾಡುತ್ತಿದ್ದೆ. ಕೆಲವರು ಸಿಟ್ಟು ಮಾಡಿ ಎದ್ದುಹೋದರು, ಕೆಲವರು ಮರುವಾರ ಮಗಳನ್ನೋ ಮಗನನ್ನೋ ಕರೆದುಕೊಂಡು ಬಂದರು.

ಅಂದು ರಾಜುವನ್ನು ಬಂದರಿನಿಂದ ನೇರ ರುದ್ರಭೂಮಿಗೆ ಕರೆತಂದೆ. ಕೊಟ್ಟಿಗೆಯ ಹಿಂದೆ ಹೋಗಿ ಗೋಳಿಮರದ ಕೊಂಬೆ ತೋರಿಸಿದೆ. ಅವನು ಮಡಕೆ ನೋಡಿದ.

"ಇದ್ನ ಇಟ್ಕಣಿ ಅಂದ್ ಅವ್ಳ್ ಹೇಳಿದ್ಳಾ?"

ಹೌದು ಎಂದುಬಿಡಬಹುದಿತ್ತು. ಇಲ್ಲ ಎಂದೆ. ಮೂರನೇ ದಿನವೇ ಬಿಟ್ಟುಬಿಡಲು ಹೇಳಿದ್ದಳು, ನಾನು ಬಿಡಲಿಲ್ಲ ಎಂದೆ.

"ಹಂಗಾರೆ ಅವ್ಳ್ ಮಾತ್ ಒಂದಾರೂ ಮೀರಿದ್ರಿ," ಎಂದ. ಹಾಗೆ ಅಂದದ್ದೇ ಮರಕ್ಕೆ ಹಣೆ ಹಚ್ಚಿ ನಿಂತುಬಿಟ್ಟ. ನಾನು ಪಂಪಿನ ಹತ್ತಿರ ಹೋಗಿ ಸುಮ್ಮನೆ ನೀರು ಬಿಟ್ಟುಕೊಂಡು ಕೂತೆ.

ಬಿಸಿಲು ಏರಿದ ಮೇಲೆ ಅವನು ಕೈಕಾಲು ತೊಳೆದು ಬಂದು ಮಡಕೆ ಬಿಚ್ಚಿಕೊಂಡ. ಕಡಲವರೆಗೆ ಬಿಡುತ್ತೇನೆ, ಆಟೋ ಕರೆಯುತ್ತೇನೆ ಎಂದೆ. ಬೇಡ ಎಂದ. ಹೆಗಲಿನ ಬೈರಾಸು ವಸ್ತ್ರವನ್ನು ತೆಗೆದು, ನಮ್ಮ ಕಡೆಯ ಗಂಡಸರು ಯಾರೂ ಮಾಡದ ಹಾಗೆ, ಮೀನಿನ ಹೆಂಗಸರ ಹಾಗೆ ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡ. ಅದರ ಮೇಲೆ ಮಡಕೆ ಇಟ್ಟು, ಒಂದು ಕೈಯಿಂದ ಹಿಡಿದು, ತ್ರಾಸಿಯ ದಾರಿಯಲ್ಲಿ ನಡೆದ.